ಹಳೇ ಬಂಗಲೆಯ ಹಾಸ್ಟೆಲ್‌ನಲ್ಲಿ ತಂಗುವುದು ಹೇಗೆ? ಕೋಲಾರದಿಂದ ಹೊರಡುವವರಿಗೆ ಹಂತ ಹಂತವಾಗಿ

ರಜೆ ಹತ್ತಿರ ಬಂದಾಗಲೆಲ್ಲ ನಮ್ಮ ಕಡೆಯ ಓದುಗರು ಕೇಳುವುದು ಒಂದೇ ಪ್ರಶ್ನೆ. "ಫೋರ್ಟ್ ಕೊಚ್ಚಿಯ ಹಳೇ ಬಂಗಲೆಗಳಲ್ಲಿ ಹಾಸ್ಟೆಲ್ ಮಾಡಿದ್ದಾರಂತೆ. ಒಂದು ಮಂಚಕ್ಕೆ ಇಷ್ಟು ಅಂತ ದುಡ್ಡಂತೆ. ನಂಬಿ ಹೋಗಬಹುದಾ? ಏನೇನು ತಗೊಂಡು ಹೋಗಬೇಕು?" ಮಾಲೂರಿನ ಕಾಲೇಜು ಹುಡುಗರು ಕೇಳುತ್ತಾರೆ. ಕೆಜಿಎಫ್‌ನಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವ ಹೆಣ್ಣುಮಕ್ಕಳು ಕೇಳುತ್ತಾರೆ. ಈಗೀಗ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ದಂಪತಿಗಳೂ ಕೇಳುತ್ತಿದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಉದಾಹರಣೆಗೆ ಫೋರ್ಟ್ ಕೊಚ್ಚಿಯನ್ನೇ ಇಟ್ಟುಕೊಂಡಿದ್ದೇನೆ, ನಮ್ಮ ಜಿಲ್ಲೆಯಿಂದ ಅಲ್ಲಿಗೆ ನೇರ ರೈಲಿದೆ. ಪುದುಚೇರಿಯ ಫ್ರೆಂಚ್ ಬೀದಿಗಳಿಗೂ ರಾಜಸ್ಥಾನದ ಹವೇಲಿಗಳಿಗೂ ಇಲ್ಲಿರುವ ಮುಕ್ಕಾಲು ಪಾಲು ಮಾತು ಅನ್ವಯಿಸುತ್ತದೆ.

ಮೊದಲು ಎರಡು ಪದ ಸ್ಪಷ್ಟ ಮಾಡಿಕೊಳ್ಳೋಣ. ಇಲ್ಲಿ ಹಾಸ್ಟೆಲ್ ಅಂದರೆ ವಿದ್ಯಾರ್ಥಿನಿಲಯ ಅಲ್ಲ. ಪ್ರಯಾಣಿಕರಿಗೆ ಕೋಣೆಯ ಬದಲು ಒಂದೊಂದು ಮಂಚ ಬಾಡಿಗೆಗೆ ಕೊಡುವ ಜಾಗ. ಒಂದೇ ಕೋಣೆಯಲ್ಲಿ ನಾಲ್ಕರಿಂದ ಹನ್ನೆರಡು ಮಂಚ ಇರುತ್ತವೆ, ಅದನ್ನು ಡಾರ್ಮ್ ಅನ್ನುತ್ತಾರೆ. ರೈಲಿನ ಬರ್ತ್‌ನ ಹಾಗೆ ಮೇಲೊಂದು ಕೆಳಗೊಂದು ಇದ್ದರೆ ಅದು ಬಂಕ್. ಇಂಥ ಹಾಸ್ಟೆಲ್ಲುಗಳ ಬೋರ್ಡಿನಲ್ಲಿ ಕಾಣುವ ಬೊಟಿಕ್ ಅಂದರೆ ಸಣ್ಣದು, ಅಚ್ಚುಕಟ್ಟಾದದ್ದು, ಆ ಜಾಗಕ್ಕೇ ಅಂತ ಯೋಚಿಸಿ ಸಜ್ಜು ಮಾಡಿದ್ದು ಎಂದರ್ಥ. ಇದು ಸರ್ಕಾರ ಕೊಡುವ ದರ್ಜೆಯಲ್ಲ, ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆದುಕೊಳ್ಳಬಹುದು.

ಹಳೇ ಕಟ್ಟಡಕ್ಕೂ ಹಾಸ್ಟೆಲಿಗೂ ಮೊದಲಿನಿಂದಲೇ ನಂಟಿದೆ. ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರು 1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಶುರು ಮಾಡಿದ ಯೂತ್ ಹಾಸ್ಟೆಲ್ಲೇ ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್. ದುಡ್ಡಿಲ್ಲದ ಮಕ್ಕಳೂ ಊರು ನೋಡಲಿ ಎಂಬುದು ಅವರ ಆಸೆಯಾಗಿತ್ತು.

1. ನಿಮಗೆ ಇದು ಹೊಂದುತ್ತದಾ, ಮೊದಲು ನೋಡಿಕೊಳ್ಳಿ

ಗೊರಕೆ ಸದ್ದಿಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದವರಿಗೆ ಡಾರ್ಮ್ ಬೇಡ. ಮಂಡಿ ನೋವಿರುವವರಿಗೆ ಹಳೇ ಬಂಗಲೆಯ ಮಹಡಿ ಬೇಡ. ಅಲ್ಲಿ ಲಿಫ್ಟ್ ಇರುವುದಿಲ್ಲ, ಮರದ ಮೆಟ್ಟಿಲು ಕಡಿದಾಗಿರುತ್ತದೆ. ಚಿಕ್ಕ ಮಕ್ಕಳಿದ್ದರೂ ಡಾರ್ಮ್ ಬೇಡ. 18 ವರ್ಷ ತುಂಬದವರನ್ನು ಸಾಮಾನ್ಯವಾಗಿ ಡಾರ್ಮ್‌ಗೆ ಸೇರಿಸಿಕೊಳ್ಳುವುದೇ ಇಲ್ಲ. ಆದರೆ ಇಂಥ ಹಾಸ್ಟೆಲ್ಲುಗಳಲ್ಲಿ ಒಂದೆರಡು ಪ್ರತ್ಯೇಕ ಕೋಣೆಗಳೂ ಇರುತ್ತವೆ. ಕುಟುಂಬದವರು ಅದನ್ನೇ ಕೇಳಿ. ಅದೇ ಜಗಲಿ, ಅದೇ ಅಂಗಳ, ಬೆಲೆ ಮಾತ್ರ ಜಾಸ್ತಿ.

ಉಳಿದವರು ಧೈರ್ಯವಾಗಿ ಹೋಗಬಹುದು. ಒಬ್ಬರೇ ಹೊರಡುವವರಿಗಂತೂ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಲಾಡ್ಜ್‌ನಲ್ಲಿ ಒಬ್ಬರೇ ಗೋಡೆ ನೋಡುತ್ತಾ ಕೂರಬೇಕು. ಇಲ್ಲಿ ಅಂಗಳಕ್ಕೆ ಬಂದರೆ ಮಾತಿಗೆ ಜನ ಸಿಗುತ್ತಾರೆ.

2. ತಿಂಗಳು ಮತ್ತು ರೈಲು

ಕೇರಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಹಳೇ ಕಟ್ಟಡದ ಗೋಡೆ ತೇವ ಕುಡಿಯುವ ಕಾಲ ಅದು. ಮಾರ್ಚ್ ಕೊನೆಯಿಂದ ಮೇ ವರೆಗೆ ಸೆಕೆ. ನಮ್ಮದು ಒಣ ಹವೆಯ ಊರು, ಬೇಸಿಗೆಯಲ್ಲೂ ರಾತ್ರಿ ಸ್ವಲ್ಪ ತಣ್ಣಗಾಗುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಬೆವರು ನಿಲ್ಲುವುದಿಲ್ಲ. ಮೊದಲ ಸಲ ಹೋಗುವವರು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಕ್ರಿಸ್‌ಮಸ್, ಹೊಸ ವರ್ಷದ ವಾರ ಮಾತ್ರ ಬಿಟ್ಟುಬಿಡಿ. ಆಗ ಬೆಲೆ ದುಪ್ಪಟ್ಟಾಗುತ್ತದೆ, ಬೀದಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. 2012ರಲ್ಲಿ ಶುರುವಾದ ಕೊಚ್ಚಿ–ಮುಝಿರಿಸ್ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ತೆರೆಯುತ್ತದೆ. ಅದು ಇರುವ ವರ್ಷ ಇನ್ನೂ ಬೇಗ ಬುಕ್ ಮಾಡಬೇಕು. ಕಲೆಯಲ್ಲಿ ಆಸಕ್ತಿ ಇದ್ದರೆ ಆ ವರ್ಷವೇ ಹೋಗಿ. ಹಳೇ ಗೋದಾಮುಗಳ ಒಳಗೆ ಓಡಾಡುವ ಅವಕಾಶ ಬೇರೆ ಸಮಯದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಎಕ್ಸ್‌ಪ್ರೆಸ್, ಹಿರಿಯರು ಈಗಲೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುವ ಗಾಡಿ, ಬಂಗಾರಪೇಟೆಯಲ್ಲಿ ನಿಲ್ಲುತ್ತದೆ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಎರ್ನಾಕುಲಂ ಟೌನ್, ಅಂದರೆ ಕೊಚ್ಚಿ ನಗರದ ಸ್ಟೇಷನ್. ಬೆಂಗಳೂರಿಗೆ ಹೋಗಿ ಹತ್ತುವ ತಾಪತ್ರಯವೇ ಇಲ್ಲ. ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ಸಮಯವಾದರೆ ಮೊದಲ ದಿನವೇ ಮಾಡಿಬಿಡಿ.

ಎಚ್ಚರ: ಬೆಂಗಳೂರಿನಲ್ಲಿರುವ ಗೆಳೆಯರು ಎಲ್ಲರಿಗೂ ಒಟ್ಟಿಗೆ ಟಿಕೆಟ್ ಮಾಡಿದರೆ ಹತ್ತುವ ಸ್ಟೇಷನ್ ಬೆಂಗಳೂರು ಅಂತಲೇ ಇರುತ್ತದೆ. ನೀವು ಬಂಗಾರಪೇಟೆಯಲ್ಲಿ ಹತ್ತುವಷ್ಟರಲ್ಲಿ ಟಿಟಿಇ ನಿಮ್ಮ ಸೀಟನ್ನು ಬೇರೆಯವರಿಗೆ ಕೊಟ್ಟಿರಬಹುದು. ನಿಮ್ಮ ಬೋರ್ಡಿಂಗ್ ಸ್ಟೇಷನ್ ಬಂಗಾರಪೇಟೆ ಎಂದು ಮೊದಲೇ ನಮೂದಾಗಿರಲಿ.

3. ಫೋಟೋ ನೋಡಿ ಹಾಸ್ಟೆಲ್ ಆರಿಸುವುದು

ಇದಕ್ಕೆ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ. ಹೆಚ್ಚಿನವರು ಬೆಲೆ ಮತ್ತು ಸ್ಟಾರ್ ನೋಡಿ ಬುಕ್ ಒತ್ತಿಬಿಡುತ್ತಾರೆ. ಹಳೇ ಕಟ್ಟಡದ ವಿಷಯದಲ್ಲಿ ಅದು ಸಾಲದು. ಸರಿಯಾಗಿ ದುರಸ್ತಿ ಮಾಡಿದ ಕಟ್ಟಡ ಬೇರೆ, ಬಣ್ಣ ಬಳಿದು ದೀಪ ತೂಗುಹಾಕಿದ ಕಟ್ಟಡ ಬೇರೆ. ಫೋಟೋದಲ್ಲಿ ಎರಡೂ ಚೆಂದವಾಗಿಯೇ ಕಾಣುತ್ತವೆ. ರಾತ್ರಿ ಮಲಗಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ವ್ಯತ್ಯಾಸದ ಬೇರು ಗಾರೆಯಲ್ಲಿದೆ. ಹಳೇ ಗೋಡೆ ಕಟ್ಟಿರುವುದು ಸುಣ್ಣದ ಗಾರೆಯಿಂದ. ಸುಣ್ಣ ಮತ್ತು ಮರಳನ್ನು ಕಲ್ಲಿನ ಗಾಣದಲ್ಲಿ ಅರೆದು, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದ ಗಾರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಗಾರೆ ಗಾಣ ನೋಡಿದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಈ ಗಾರೆಗೆ ಸಣ್ಣ ಸಣ್ಣ ರಂಧ್ರಗಳಿವೆ. ನೆಲದಿಂದ ಏರಿದ ತೇವ ಅದರ ಮೂಲಕ ಆರಿ ಹೋಗುತ್ತದೆ. ಕೊಚ್ಚಿಯ ಹಳೇ ಗೋಡೆಗಳು ಬಹುಪಾಲು ಜಂಬಿಟ್ಟಿಗೆಯವು, ತೇವ ಚೆನ್ನಾಗಿ ಹೀರುವ ಕೆಂಪು ಕಲ್ಲು. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ದಾರಿ ಇರುವುದಿಲ್ಲ. ಅದು ಒಳಗೇ ನಿಂತು ಉಪ್ಪು ಉಬ್ಬುತ್ತದೆ, ಬಣ್ಣ ಹಕ್ಕಳೆಯಾಗಿ ಏಳುತ್ತದೆ, ಕೋಣೆಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಏರ್ ಫ್ರೆಶ್ನರ್ ಹಾಕಿದರೂ ಆ ವಾಸನೆ ಹೋಗುವುದಿಲ್ಲ.

ಇನ್ನು ಫೋಟೋ ದೊಡ್ಡದು ಮಾಡಿ ನೋಡಿ. ಮೊದಲು ಗೋಡೆಯ ಬುಡ. ನೆಲದಿಂದ ಮಂಡಿ ಎತ್ತರದವರೆಗೆ ಬಣ್ಣ ಬೇರೆಯಾಗಿದೆಯಾ? ಬಿಳಿ ಪುಡಿ ಕಾಣುತ್ತದಾ? ಮಲಗುವ ಕೋಣೆಯಲ್ಲಿ ಸೊಂಟದವರೆಗೆ ಟೈಲ್ಸ್ ಅಥವಾ ಪ್ಲೈವುಡ್ ಹೊಡೆದಿದ್ದರೆ ತೇವ ಮುಚ್ಚಲು ಹೊಡೆದಿರುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಮಾಳಿಗೆ. ಮರದ ತೊಲೆ, ಹಂಚು ಕಣ್ಣಿಗೆ ಕಾಣುವಂತಿದ್ದರೆ ಒಳ್ಳೆಯದು, ಸೋರಿದರೆ ಮಾಲೀಕರಿಗೆ ತಕ್ಷಣ ಕಾಣುತ್ತದೆ. ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಿದ್ದರೆ ಮೇಲೆ ಏನಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಕಿಟಕಿ. ಹಳೇ ಬಂಗಲೆಯ ಎತ್ತರದ ಮರದ ಕಿಟಕಿಗಳು ಗಾಳಿಗೆಂದೇ ಇಟ್ಟವು. ಎಸಿಗಾಗಿ ಅವನ್ನು ಗಾಜು ಹಾಕಿ ಕಾಯಂ ಮುಚ್ಚಿದ್ದರೆ, ಕರೆಂಟ್ ಹೋದಾಗ ಎಂಟು ಜನ ಒಂದೇ ಗಾಳಿ ಉಸಿರಾಡಬೇಕು.

ಬಳಕೆದಾರರ ಅಭಿಪ್ರಾಯ ಓದುವುದಕ್ಕೂ ಒಂದು ದಾರಿ ಇದೆ. ಹೊಸದರಿಂದ ಹಳೆಯದಕ್ಕೆ ಸುಮ್ನೆ ಓದುತ್ತಾ ಹೋಗಬೇಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ಬರೆದವನ್ನು ಹುಡುಕಿ. ಮಳೆಗಾಲದಲ್ಲಿ ತಂಗಿದವರು "ಹಾಸಿಗೆ ಒಣಗಿತ್ತು, ವಾಸನೆ ಇರಲಿಲ್ಲ" ಎಂದಿದ್ದರೆ ಆ ಕಟ್ಟಡದ ದುರಸ್ತಿ ಚೆನ್ನಾಗಿದೆ ಎಂದೇ ಅರ್ಥ. ಜನವರಿಯ ಹೊಗಳಿಕೆ ಹತ್ತು ಇದ್ದರೂ ಈ ಒಂದು ಮಾತಿಗೆ ಸಮ ಬರುವುದಿಲ್ಲ.

"500 ವರ್ಷದ ಮನೆ" ಎಂಬ ಜಾಹೀರಾತು ಕಂಡರೆ ಒಂದು ನಿಮಿಷ ಯೋಚಿಸಿ. ಪೋರ್ಚುಗೀಸರು ಕೊಚ್ಚಿಯಲ್ಲಿ ಕೋಟೆ ಕಟ್ಟಿದ್ದೇ 1503ರಲ್ಲಿ. 1663ರಲ್ಲಿ ಡಚ್ಚರು ಅದನ್ನು ಗೆದ್ದರು, 1795ರಲ್ಲಿ ಬ್ರಿಟಿಷರ ಕೈಗೆ ಬಂತು, 1806ರಲ್ಲಿ ಬ್ರಿಟಿಷರು ಕೋಟೆಯ ಬಹುಭಾಗ ಕೆಡವಿದರು. ಈಗ ನಿಂತಿರುವ ಮನೆಗಳು ಇಷ್ಟೆಲ್ಲ ಕೈ ದಾಟಿ, ಒಡೆದು, ಸೇರಿಸಿ, ಬದಲಾಗಿ ಬಂದವು. ಹಾಗೆ ಬದಲಾಗಿ ಬಂದಿರುವುದೇ ಅವುಗಳ ಸೊಗಸು. ಕಟ್ಟಡದ ಯಾವ ಭಾಗ ಹಳೆಯದು, ಯಾವುದು ಹೊಸದು ಎಂದು ಪ್ರಾಮಾಣಿಕವಾಗಿ ಹೇಳುವ ಹಾಸ್ಟೆಲ್ ಮೇಲೆ ನನಗೆ ನಂಬಿಕೆ ಜಾಸ್ತಿ. ಇನ್ನೊಂದು ವಿಷಯ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 1950ಕ್ಕಿಂತ ಮೊದಲಿನ ಕಟ್ಟಡಗಳಿಗೆ ಹೆರಿಟೇಜ್ ಹೋಟೆಲ್ ಎಂಬ ದರ್ಜೆ ಕೊಡುತ್ತದೆ. ಹಾಸ್ಟೆಲಿನ ಹೆಸರಲ್ಲಿ ಹೆರಿಟೇಜ್ ಎಂದಿದ್ದ ಮಾತ್ರಕ್ಕೆ ಆ ದರ್ಜೆ ಸಿಕ್ಕಿದೆ ಎಂದಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆ ಪಕ್ಕದಲ್ಲೇ ಇದೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಆಮೇಲೆ ಗಣಿ ಕಾಲದ ಕಟ್ಟಡಗಳಿಗೆ ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಜನ ವಾಸವಿರುವ ಮನೆಯಲ್ಲಿ ಹಂಚು ಒಡೆದರೆ ಮಾರನೇ ದಿನ ಬದಲಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಒಂದು ಹಂಚಿನಿಂದ ತೊಲೆ ಕೊಳೆಯುತ್ತದೆ, ತೊಲೆಯಿಂದ ಗೋಡೆ ಬೀಳುತ್ತದೆ. ನೀವು ಕೊಡುವ ಬಾಡಿಗೆ ಆ ಹಂಚಿಗೆ ಹೋಗುತ್ತದಾ, ಬರೀ ಬಣ್ಣದ ದೀಪಕ್ಕೆ ಹೋಗುತ್ತದಾ ಎಂಬುದು ನಿಮ್ಮ ಆಯ್ಕೆಯ ಮೇಲಿದೆ.

4. ಫೋನ್ ಮಾಡಿ ಕೇಳಿ

ಎರಡು ಮೂರು ಹಾಸ್ಟೆಲ್ ಆರಿಸಿದ ಮೇಲೆ ಫೋನ್ ಮಾಡಿ. ನಮ್ಮ ಗಡಿ ಜಿಲ್ಲೆಯವರಿಗೆ ತಮಿಳು ಅಷ್ಟಿಷ್ಟು ಬರುತ್ತದೆ, ಕೊಚ್ಚಿಯಲ್ಲಿ ಅದರಲ್ಲೇ ಸಂಭಾಳಿಸಬಹುದು. ಕೇಳಬೇಕಾದ್ದು ಇಷ್ಟು:

- ಡಾರ್ಮ್ ಯಾವ ಮಹಡಿಯಲ್ಲಿದೆ? ಮೇಲಿನಿಂದ ಇಳಿಯಲು ಎಷ್ಟು ಮೆಟ್ಟಿಲ ದಾರಿ ಇದೆ?
- ಬಚ್ಚಲು, ಶೌಚಾಲಯ ಒಳಗೋ, ಅಂಗಳ ದಾಟಿ ಹೋಗಬೇಕೋ?
- ಕರೆಂಟ್ ಹೋದರೆ ಫ್ಯಾನಿಗೆ ಬ್ಯಾಕಪ್ ಇದೆಯಾ?
- ಎಸಿ ಡಾರ್ಮ್ ಆದರೆ ಎಸಿ ಹಗಲೂ ಇರುತ್ತದಾ, ರಾತ್ರಿ ಮಾತ್ರವಾ?
- ಮಂಚಕ್ಕೊಂದು ಲಾಕರ್ ಇದೆಯಾ, ಬೀಗ ನಾವೇ ತರಬೇಕಾ?
- ಹೊರಗಿನ ಬಾಗಿಲು ರಾತ್ರಿ ಎಷ್ಟಕ್ಕೆ ಹಾಕುತ್ತಾರೆ?

ಮೊದಲ ಪ್ರಶ್ನೆ ಬಹಳ ಮುಖ್ಯ. ಮರದ ನೆಲ, ಮರದ ಮೆಟ್ಟಿಲು, ಮರದ ತೊಲೆ ಇರುವ ಮನೆಯಲ್ಲಿ ಬೆಂಕಿ ಬೇಗ ಹಬ್ಬುತ್ತದೆ. ಇಳಿಯಲು ಒಂದೇ ಮೆಟ್ಟಿಲ ದಾರಿ ಇರುವ ಮಹಡಿಯಲ್ಲಿ ಹನ್ನೆರಡು ಮಂಚ ಹಾಕಿದ್ದರೆ, ನನ್ನ ಸಲಹೆ ಸ್ಪಷ್ಟ: ಕೆಳಗಿನ ಕೋಣೆ ಕೇಳಿ, ಸಿಗದಿದ್ದರೆ ಬೇರೆ ಹಾಸ್ಟೆಲ್ ನೋಡಿ. ಪ್ರಶ್ನೆ ಕೇಳಿದಾಗ ಅವರು ಉತ್ತರಿಸುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕಟ್ಟಡದ ಮೇಲೆ ಕಾಳಜಿ ಇರುವವರು ಇಂಥ ಪ್ರಶ್ನೆಗೆ ಖುಷಿಯಿಂದ, ವಿವರವಾಗಿ ಹೇಳುತ್ತಾರೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಡಾರ್ಮ್‌ನಲ್ಲಿ ಎರಡು ಬಗೆ. ಮಿಕ್ಸ್ಡ್ ಎಂದರೆ ಗಂಡಸರು ಹೆಂಗಸರು ಎಲ್ಲರಿಗೂ, ಫೀಮೇಲ್ ಎಂದರೆ ಹೆಂಗಸರಿಗೆ ಮಾತ್ರ. ಆ್ಯಪ್‌ನಲ್ಲಿ ಮೊದಲು ಕಾಣುವುದು ಸಾಮಾನ್ಯವಾಗಿ ಅಗ್ಗದ್ದು, ಅದು ಹೆಚ್ಚಾಗಿ ಮಿಕ್ಸ್ಡ್. ಅವಸರದಲ್ಲಿ ಅದನ್ನೇ ಒತ್ತಿ, ಅಲ್ಲಿ ಹೋದ ಮೇಲೆ ಬದಲಿಸಿಕೊಳ್ಳಲು ಮಂಚ ಸಿಗದೆ ಪರದಾಡುವವರು ತುಂಬಾ ಜನ. ಹೆಂಗಸರ ಡಾರ್ಮ್‌ಗೆ ಬಚ್ಚಲೂ ಬೇರೆಯೇ ಇದೆಯಾ ಎಂದು ಕೇಳಿ. ಮನೆಯಲ್ಲಿ ಅಮ್ಮನಿಗೆ ಗಾಬರಿಯಿದ್ದರೆ ಫೋನನ್ನು ಅವರ ಕೈಗೇ ಕೊಟ್ಟು ಮಾತಾಡಿಸಿ.

5. ಬುಕ್ ಮಾಡುವುದು

ಡಾರ್ಮ್ ಮಂಚಕ್ಕೆ ಸಾಮಾನ್ಯ ದಿನಗಳಲ್ಲಿ ಸುಮಾರು 500ರಿಂದ 1,200 ರೂಪಾಯಿ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ಕಾಣುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಜಿಎಸ್‌ಟಿ 5%. ಅದಕ್ಕಿಂತ ಜಾಸ್ತಿ ತೆರಿಗೆ ತೋರಿಸಿದರೆ ಉಳಿದದ್ದು ಏನು ಎಂದು ಕೇಳಿ.

ಕೆಲವು ಆ್ಯಪ್‌ಗಳು ಬುಕ್ ಮಾಡುವಾಗ ಸ್ವಲ್ಪ ಭಾಗ ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಅಲ್ಲಿಗೆ ಹೋದಾಗ ಕೊಡಿ ಅನ್ನುತ್ತವೆ. ಪೂರ್ತಿ ಕೊಟ್ಟಿದ್ದೇನೆ ಅಂದುಕೊಂಡು ಹೋಗಿ ಕೌಂಟರ್‌ನಲ್ಲಿ ಜಗಳಕ್ಕೆ ನಿಲ್ಲಬೇಡಿ, ಬುಕಿಂಗ್ ಚೀಟಿಯಲ್ಲಿ ಬಾಕಿ ಎಷ್ಟು ಎಂದು ಬರೆದಿರುತ್ತದೆ. ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ದರ ನೂರಿನ್ನೂರು ಕಡಿಮೆ ಇರುತ್ತದೆ. ರೈಲು ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ಅದರ ತಂಟೆಗೆ ಹೋಗಬೇಡಿ.

ಮೊದಲ ಸಲ ಎರಡು ರಾತ್ರಿಗೆ ಮಾತ್ರ ಬುಕ್ ಮಾಡಿ. ಹಿಡಿಸಿದರೆ ಅಲ್ಲೇ ಮುಂದುವರಿಸಬಹುದು.

6. ಬ್ಯಾಗಿನಲ್ಲಿ ಏನಿರಬೇಕು

ಸಣ್ಣ ಬೀಗ. ಇದನ್ನು ಮರೆತರೆ ಅಲ್ಲಿ ದುಬಾರಿಗೆ ಕೊಳ್ಳಬೇಕು. ಕೊಂಡಿ ತೆಳ್ಳಗಿರಲಿ, ದಪ್ಪ ಕೊಂಡಿ ಲಾಕರ್ ತೂತಿಗೆ ಹೋಗುವುದಿಲ್ಲ. ರಬ್ಬರ್ ಚಪ್ಪಲಿ, ಬೇಗ ಒಣಗುವ ತೆಳು ಟವೆಲ್, ಹೊದೆಯಲು ಹತ್ತಿಯ ದುಪ್ಪಟಿ, ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್, ಸೊಳ್ಳೆಗೆ ಹಚ್ಚುವ ಕ್ರೀಮ್. ಕೊಚ್ಚಿಯ ಸೊಳ್ಳೆ ಜೋರು. ಆದರೆ ಸೊಳ್ಳೆ ಬತ್ತಿ ಒಯ್ಯಬೇಡಿ, ಮರದ ಮನೆಯಲ್ಲಿ ಬೆಂಕಿ ಹಚ್ಚುವ ಯಾವುದೂ ಬೇಡ.

ಪವರ್ ಬ್ಯಾಂಕ್ ಬೇಕೇ ಬೇಕು. ಹಳೇ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಕಡಿಮೆ, ಗೋಡೆ ಕೊರೆದು ಹೊಸ ವೈರ್ ಎಳೆಯಲು ಒಳ್ಳೆ ಮಾಲೀಕರು ಹಿಂಜರಿಯುತ್ತಾರೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬೇಡ, ಲೋಡ್ ತಡೆಯುವುದಿಲ್ಲ. ದಪ್ಪ ಗೋಡೆ ದಾಟಿ ವೈಫೈ ಬರುವುದೂ ಕಷ್ಟ. ಆಫೀಸ್ ಕೆಲಸ ಮಾಡುತ್ತಲೇ ತಂಗುವ ಆಲೋಚನೆ ಇದ್ದರೆ ಅಂಗಳದಲ್ಲಿ ಕೂತು ಮಾಡಬೇಕಾಗುತ್ತದೆ, ಮೀಟಿಂಗ್ ಇರುವ ದಿನ ಮೊಬೈಲ್ ಡೇಟಾ ನಂಬಿ.

ಚಕ್ರದ ದೊಡ್ಡ ಸೂಟ್‌ಕೇಸ್ ಬದಲು ಬೆನ್ನಿಗೆ ಹಾಕುವ ಬ್ಯಾಗ್ ಒಳ್ಳೆಯದು. ಚಕ್ರ ಎಳೆದಾಗ ಹಳೇ ನೆಲದ ಟೈಲ್ಸ್ ಅಂಚು ಒಡೆಯುತ್ತದೆ, ಅಂಥದ್ದೇ ಟೈಲ್ ಮತ್ತೆ ಸಿಗುವುದು ಕಷ್ಟ.

7. ತಲುಪಿದ ದಿನ

ಎರ್ನಾಕುಲಂ ಟೌನ್ ಸ್ಟೇಷನ್‌ನಲ್ಲಿ ಇಳಿದು ಆಟೋದಲ್ಲಿ ಹೈಕೋರ್ಟ್ ಜೆಟ್ಟಿಗೆ, ಅಂದರೆ ದೋಣಿ ಹತ್ತುವ ಕಟ್ಟೆಗೆ ಹೋಗಿ. ಅಲ್ಲಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಇದೆ. 2023ರ ಏಪ್ರಿಲ್‌ನಲ್ಲಿ ಶುರುವಾದ, ಬ್ಯಾಟರಿಯಿಂದ ಓಡುವ ದೋಣಿ ಸೇವೆ ಇದು. ಸರ್ಕಾರಿ ದೋಣಿಯೂ ಇದೆ, ಅದು ಹೊರಡುವ ಜೆಟ್ಟಿ ಬೇರೆ. ಟ್ಯಾಕ್ಸಿಯಲ್ಲಿ ಸೇತುವೆ ಸುತ್ತಿ ಹೋಗುವುದಕ್ಕಿಂತ ನೀರಿನ ಮೇಲೆ ಹೋಗುವುದೇ ಚೆಂದ, ಅಗ್ಗವೂ ಹೌದು.

ಇಲ್ಲೊಂದು ತೊಡಕಿದೆ. ನೀವು ತಲುಪುವುದು ಬೆಳಿಗ್ಗೆ, ಹಾಸ್ಟೆಲ್‌ನಲ್ಲಿ ಮಂಚ ಸಿಗುವುದು ಮಧ್ಯಾಹ್ನ ಒಂದು ಅಥವಾ ಎರಡಕ್ಕೆ. ಹಿಂದಿನ ದಿನವೇ ಫೋನ್ ಮಾಡಿ "ಬ್ಯಾಗ್ ಇಟ್ಟು ಮುಖ ತೊಳೆಯಬಹುದಾ" ಎಂದು ಕೇಳಿ, ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆ ಹೊತ್ತಿಗೆ ಸೇಂಟ್ ಫ್ರಾನ್ಸಿಸ್ ಚರ್ಚ್ ನೋಡಿ ಬನ್ನಿ. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲೇ. ಆಮೇಲೆ ತೀರದಲ್ಲಿರುವ ಚೀನೀ ಮೀನು ಬಲೆಗಳ ಕಡೆ ಒಂದು ನಡಿಗೆ.

ಗುರುತಿನ ಚೀಟಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪಾನ್ ಕಾರ್ಡ್ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇಲ್ಲ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ, ಪಾಸ್‌ಪೋರ್ಟ್, ಇವುಗಳಲ್ಲಿ ಒಂದು ಬೇಕು. ಆಧಾರ್ ನಕಲು ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ. ಗುಂಪಿನಲ್ಲಿ ಒಬ್ಬರದ್ದು ಇದ್ದರೆ ಸಾಲದು, ಪ್ರತಿಯೊಬ್ಬರದ್ದೂ ಬೇಕು. ಅಂದ ಹಾಗೆ, ತಮ್ಮದೇ ಊರಿನ ವಿಳಾಸದವರನ್ನು ಸೇರಿಸಿಕೊಳ್ಳದ ಹಾಸ್ಟೆಲ್ಲುಗಳೂ ಇವೆ. ಕೋಲಾರದವರಿಗೆ ಕೊಚ್ಚಿಯಲ್ಲಿ ಆ ಸಮಸ್ಯೆ ಇಲ್ಲ. ಜೊತೆಗೆ ಬರುವ ಗೆಳೆಯರು ಅಲ್ಲಿಯವರೇ ಆಗಿದ್ದರೆ ಮೊದಲೇ ಕೇಳಿಟ್ಟುಕೊಳ್ಳಿ.

8. ಮಂಚ ಸಿಕ್ಕ ಮೊದಲ ಹತ್ತು ನಿಮಿಷ

ಬ್ಯಾಗನ್ನು ಹಾಸಿಗೆ ಮೇಲೆ ಎಸೆಯಬೇಡಿ. ನೆಲದ ಮೇಲಿಟ್ಟು ಮೊದಲು ತಿಗಣೆ ನೋಡಿ. ಬೆಡ್‌ಶೀಟ್ ಮೂಲೆ ಎತ್ತಿ, ಹಾಸಿಗೆಯ ಹೊಲಿಗೆ ಸಾಲಿನ ಮೇಲೆ ಮೊಬೈಲ್ ಟಾರ್ಚ್ ಹಾಯಿಸಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ, ಕಂದು ಬಣ್ಣದ ತೆಳು ಸಿಪ್ಪೆ ಕಂಡರೆ, ತಿಗಣೆ ಇದೆ. ಮಂಚದ ಮರ ಸೇರುವ ಸಂದಿಯನ್ನೂ ನೋಡಿ, ಹಳೇ ಮರದ ಮಂಚದಲ್ಲಿ ಅವು ಅಡಗುವುದು ಅಲ್ಲೇ. ಕಂಡ ತಕ್ಷಣ ಮೆಲ್ಲಗೆ ಹೋಗಿ ಹೇಳಿ, ಬೇರೆ ಕೋಣೆ ಕೇಳಿ. ಅದೇ ಕೋಣೆಯ ಪಕ್ಕದ ಮಂಚ ಕೊಟ್ಟರೆ ಒಪ್ಪಬೇಡಿ.

ಆಮೇಲೆ ಹೊರಗೆ ಹೋಗುವ ದಾರಿ. ನಿಮ್ಮ ಮಂಚದಿಂದ ಬೀದಿವರೆಗೆ ಒಂದು ಸಲ ನಡೆದು ಬನ್ನಿ. ಯಾವ ಬಾಗಿಲಿಗೆ ಅಗುಳಿ, ಯಾವುದಕ್ಕೆ ಚಿಲಕ, ಕತ್ತಲಲ್ಲಿ ಕೈಗೆ ಸಿಗುತ್ತದಾ ನೋಡಿಕೊಳ್ಳಿ. ಹಳೇ ಬಾಗಿಲಿನ ಹೊಸ್ತಿಲು ಎತ್ತರ, ಮೇಲಿನ ಚೌಕಟ್ಟು ತಗ್ಗು. ರಾತ್ರಿ ಬಚ್ಚಲಿಗೆ ಎದ್ದವರು ಎಡವುವುದು ಅಥವಾ ಹಣೆ ಗುದ್ದಿಸಿಕೊಳ್ಳುವುದು ಇಲ್ಲೇ.

ಕೆಳಗಿನ ಮಂಚವೋ ಮೇಲಿನದ್ದೋ ಎಂಬ ಆಯ್ಕೆ ಇದ್ದರೆ ಕೆಳಗಿನದ್ದು ತಗೊಳ್ಳಿ. ಹಂಚಿನ ಮಾಡಿನ ಕೆಳಗೆ, ಮೇಲಿನ ಮಂಚದಲ್ಲಿ ಸೆಕೆ ಜಾಸ್ತಿ.

9. ಡಾರ್ಮ್‌ನಲ್ಲಿ ರಾತ್ರಿ

ಹತ್ತು ಗಂಟೆ ಆದ ಮೇಲೆ ದೊಡ್ಡ ದೀಪ ಬೇಡ, ಸ್ಪೀಕರ್‌ನಲ್ಲಿ ಫೋನ್ ಬೇಡ. ಬೆಳಿಗ್ಗೆ ಬೇಗ ಹೊರಡುವುದಿದ್ದರೆ ರಾತ್ರಿಯೇ ಬ್ಯಾಗ್ ಸಿದ್ಧ ಮಾಡಿ ಹೊರಗಿಡಿ. ಐದು ಗಂಟೆಗೆ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುವವರನ್ನು ಡಾರ್ಮ್‌ನಲ್ಲಿ ಯಾರೂ ಕ್ಷಮಿಸುವುದಿಲ್ಲ. ಮರದ ನೆಲದ ಮೇಲೆ ಹೆಜ್ಜೆ ಸದ್ದು ಕೆಳಗಿನ ಕೋಣೆಗೆ ಹಾಗೇ ಇಳಿಯುತ್ತದೆ, ಬರಿಗಾಲಲ್ಲಿ ನಡೆಯಿರಿ. ಒಂದೇ ಊರಿನ ಆರು ಜನ ಸೇರಿ ಹೋದಾಗ ಕನ್ನಡದಲ್ಲಿ ಹರಟೆ ಏರುತ್ತಾ ಹೋಗುವುದು ಸಹಜ. ಅದಕ್ಕೆ ಅಂಗಳ ಇದೆ. ಪರ್ಸ್, ಫೋನ್, ಚೀಟಿಗಳು ಲಾಕರ್‌ನಲ್ಲಿರಲಿ, ದಿಂಬಿನ ಕೆಳಗಲ್ಲ.

ಅಡುಗೆಮನೆ ಬಳಸಲು ಬಿಡುವ ಹಾಸ್ಟೆಲ್ ಆದರೆ ನಿಮ್ಮ ಡಬ್ಬಿ ಮೇಲೆ ಹೆಸರು ಬರೆದಿಡಿ, ಪಾತ್ರೆ ಅಲ್ಲಲ್ಲೇ ತೊಳೆದಿಡಿ. ಊಟಕ್ಕೆ ಹೊರಗೆ ಹೋದಾಗ ಅನ್ನ ಯಾವುದು ಎಂದು ಕೇಳಿ, ಅಲ್ಲಿನ ಕೆಂಪು ದಪ್ಪಕ್ಕಿ ಅನ್ನ ಮೊದಲ ದಿನ ಕೆಲವರಿಗೆ ಭಾರ ಅನ್ನಿಸುತ್ತದೆ.

10. ಕಟ್ಟಡದ ಜೊತೆ ನಡೆದುಕೊಳ್ಳುವುದು

ಸುಣ್ಣದ ಗೋಡೆ ಮೆತ್ತಗಿರುತ್ತದೆ. ಮೊಳೆ ಹೊಡೆಯುವುದು, ಟೇಪ್ ಅಂಟಿಸುವುದು, ಒದ್ದೆ ಟವೆಲ್ ತಾಗಿಸಿ ಹಾಕುವುದು, ಎಣ್ಣೆ ತಲೆ ಒರಗಿಸಿ ಕೂರುವುದು, ಇವು ನಾಲ್ಕೂ ಬೇಡ. ಎಣ್ಣೆ ಕಲೆ ಸುಣ್ಣದೊಳಗೆ ಇಳಿದರೆ ಉಜ್ಜಿ ತೆಗೆಯಲಾಗುವುದಿಲ್ಲ, ಆ ಜಾಗದ ಗಾರೆಯನ್ನೇ ಕಿತ್ತು ಹೊಸದು ಹಾಕಬೇಕು. ಒದ್ದೆ ಬಟ್ಟೆ ಅಂಗಳದ ಹಗ್ಗದ ಮೇಲೆ ಹಾಕಿ. ಕಿಟಕಿ ತೆಗೆದರೆ ಕೊಕ್ಕೆ ಹಾಕಿ, ಸಮುದ್ರದ ಗಾಳಿಗೆ ಬಡಿದು ತಿರುಗಣಿ ಸಡಿಲವಾಗುತ್ತದೆ.

ಹಗಲಲ್ಲಿ ಬಿಡುವಿದ್ದಾಗ ಮನೆಯನ್ನು ನಿಧಾನವಾಗಿ ನೋಡಿ. ಬದಲಿಸಲು ತೆಗೆದಿಟ್ಟ ಹಂಚು ಅಂಗಳದ ಮೂಲೆಯಲ್ಲಿ ಜೋಡಿಸಿರುತ್ತಾರೆ. ಕೇಳಿ ಒಂದನ್ನು ಮಗುಚಿ ನೋಡಿ, ಒಳಮೈಯಲ್ಲಿ ಕಾರ್ಖಾನೆಯ ಹೆಸರು ಉಬ್ಬಚ್ಚಿನಲ್ಲಿ ಇರುತ್ತದೆ. ಈ ಬಗೆಯ ಹಂಚನ್ನು ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಮಾಡಲು ಶುರು ಮಾಡಿದ್ದು 1865ರಲ್ಲಿ. ಹಾಗಾಗಿ ಇಂಥ ಹಂಚು ಹೊದ್ದ ಮಾಡು ಡಚ್ಚರ ಕಾಲದ್ದಾಗಿರಲು ಸಾಧ್ಯವಿಲ್ಲ, ಕೆಳಗಿನ ಗೋಡೆ ಇರಬಹುದು. ದುರಸ್ತಿ ಯಾರು ಮಾಡಿದರು, ಗಾರೆ ಕೆಲಸದವರು ಎಲ್ಲಿಂದ ಬಂದರು ಎಂದು ಮ್ಯಾನೇಜರ್‌ನ ಕೇಳಿ. ಆಸಕ್ತಿಯಿಂದ ಕೇಳಿದವರಿಗೆ ಬೀಗ ಹಾಕಿದ ಹಿಂದಿನ ಕೋಣೆಯನ್ನೂ ತೆಗೆದು ತೋರಿಸುವವರಿದ್ದಾರೆ.

11. ಹೊರಡುವಾಗ

ಖಾಲಿ ಮಾಡುವ ಸಮಯ ಬೆಳಿಗ್ಗೆ ಹತ್ತು ಅಥವಾ ಹನ್ನೊಂದು. ಬಂಗಾರಪೇಟೆ ಕಡೆಯ ಗಾಡಿ ಸಂಜೆ. ಬ್ಯಾಗ್ ಅಲ್ಲೇ ಇಟ್ಟು ಸುತ್ತಾಡಿ ಬನ್ನಿ. ಬೀಗದ ಕೈ, ಟವೆಲ್‌ಗೆ ಡಿಪಾಸಿಟ್ ಕೊಟ್ಟಿದ್ದರೆ ಬೆಳಿಗ್ಗೆಯೇ ವಾಪಸ್ ಪಡೆಯಿರಿ, ಸಂಜೆ ಕೌಂಟರ್‌ನಲ್ಲಿ ಬೇರೆಯವರಿರುತ್ತಾರೆ. ದೋಣಿಗೆ ಸಾಲು ಇರುವುದರಿಂದ ಸ್ಟೇಷನ್‌ಗೆ ಒಂದೂವರೆ ಗಂಟೆ ಮೊದಲೇ ಹೊರಡಿ. ಗಾಡಿ ಬಂಗಾರಪೇಟೆ ತಲುಪುವುದು ಬೆಳಗಿನ ಜಾವ, ಅಲಾರಂ ಇಟ್ಟುಕೊಂಡು ಮಲಗಿ.

ಮನೆಗೆ ಬಂದ ವಾರದೊಳಗೆ ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆಯಿರಿ. ಚೆನ್ನಾಗಿತ್ತು ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ತಿಂಗಳು ಹೋಗಿದ್ದಿರಿ, ಯಾವ ಮಹಡಿಯ ಕೋಣೆ, ಗೋಡೆಯ ಬುಡ ಒಣಗಿತ್ತಾ, ಕಿಟಕಿ ತೆಗೆಯಲು ಬರುತ್ತಿತ್ತಾ, ಬಚ್ಚಲು ಎಷ್ಟು ದೂರ, ಇಷ್ಟು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮುಂದೆ ಹೊರಡುವ ನಮ್ಮವರು ಹುಡುಕುವುದು ಅದನ್ನೇ.